ನಮ್ಮ ರಾಗಿಕಲ್ಲಿನ ರೈಲು ಪ್ರವಾಸ

ಪ್ರವಾಸಿಗಳ ಸ್ಪೆಷಲ್ ರೈಲನ್ನು ಏರ್ಪಡಿಸುವ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯ ರಾಗಿಕಲ್ಲಿನ ಮೇಲಿನ ಹೋಳು ತಮ್ಮ ವಶದಲ್ಲಿದೆ. ಕೆಳಗಿನ ಹೋಳು ನಮ್ಮ ಅಡುಗೆಮನೆಯಲ್ಲಿದೆ. ಎರಡೂ ಒಂದೆಡೆ ಸೇರದೆ ಒಂದು ಹಿಡಿ ಹಿಟ್ಟೂ ಬೀಳುವುದಿಲ್ಲ ಎಂಬ ಸಂಗತಿ ಕೃಷ್ಣರಾಜನಗರ ಸೀಮೆಯ ಎಲ್ಲ ಹೆಂಗಸರಿಗೂ ಗೊತ್ತು. ತಮ್ಮ ಇಲಾಖೆಗೆ ಇನ್ನೂ ಗೊತ್ತಾದಂತಿಲ್ಲ. ಅರ್ಜಿಗಳಿಗೆ ಉತ್ತರ ಬಾರದ್ದರಿಂದ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ: ನಮ್ಮ ಕಲ್ಲು ಯಾವಾಗ ಕೊಡುತ್ತೀರಿ?

ಹೋದ ದಸರೆಯಲ್ಲಿ ತಮ್ಮ ಸ್ಪೆಷಲ್ ರೈಲು ಬೆಂಗಳೂರಿನಿಂದ ಹೊರಟು, ಮೈಸೂರು ತೋರಿಸಿ, ಹಾಸನದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರ ಬಳಿ ನಿಂತಿತು. ದೇಶದೇಶಗಳ ಅತಿಥಿಗಳಿಗೆ ಈ ಸೀಮೆಯ ಸಂಸ್ಕೃತಿ, ವಾಸ್ತುಶಿಲ್ಪ, ಊಟೋಪಚಾರಗಳ ಪರಿಚಯವಾಗಬೇಕೆಂದು ಅಮಲ್ದಾರರಿಗೆ ಆಜ್ಞೆಯಾಗಿತ್ತಂತೆ. ಸ್ಟೇಷನ್ನಿಗೆ ಹತ್ತಿರ ಎಂಬ ಒಂದೇ ತಪ್ಪಿಗೆ ನಮ್ಮ ಮನೆ ಆಯ್ಕೆಯಾಯಿತು. ವಾಸ್ತುಶಿಲ್ಪವೆಂದರೆ ಹೊಸದಾಗಿ ಸುಣ್ಣ ಬಳಿಸಿಕೊಂಡ ನಮ್ಮ ತೊಟ್ಟಿಮನೆ. ಊಟವೆಂದರೆ ಮುದ್ದೆ, ಉಪ್ಪೆಸರು. ಸಂಸ್ಕೃತಿಯೆಂದರೆ ನಮ್ಮವ್ವ ಕುಳ್ಳಮ್ಮ ನಡುಹಗಲಲ್ಲಿ ಜರಿಯಂಚಿನ ಸೀರೆಯುಟ್ಟು ರಾಗಿ ಬೀಸುವುದು. ಬೆಳಗಿನ ಜಾವಕ್ಕೇ ಬೀಸಿ ಮುಗಿಸುವ ಕೆಲಸವನ್ನು ಮಧ್ಯಾಹ್ನ ಮಾಡಿದರೆ ನೆರೆಹೊರೆಯವರು ನಗುತ್ತಾರೆ ಎಂದು ಅವ್ವ ಗೊಣಗಿದಳು. ಅಮಲ್ದಾರರ ಜವಾನ ಕಂಠಪ್ಪ, ನಗುವವರನ್ನು ತಾನು ನೋಡಿಕೊಳ್ಳುತ್ತೇನೆಂದು ಭರವಸೆ ಕೊಟ್ಟ.

ಅತಿಥಿಗಳು ಬಂದರು. ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, ಚಿತ್ರ ತೆಗೆದುಕೊಂಡು, ಹಾಗೆಯೇ ಬಿಟ್ಟರು. ಅಂದು ಹೊಟ್ಟೆ ತುಂಬ ಸತ್ಕಾರವಾದದ್ದು ನಮ್ಮ ನಾಯಿಗೆ ಮಾತ್ರ. ದೊಡ್ಡ ಟೋಪಿಯ ಒಬ್ಬ ದೊರೆಸಾನಿ ಅವ್ವನ ಎದುರು ಕುಳಿತು, ಗೂಟ ಹಿಡಿದು ಎರಡು ಸುತ್ತು ತಿರುಗಿಸಿ, ಮಗುವಿನಂತೆ ಸಂತೋಷಪಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮೆಚ್ಚಿದರು ಅಷ್ಟೆ, ಕೇಳಲಿಲ್ಲ. ಮೆಚ್ಚಿದ್ದನ್ನು ಕೇಳಿದ್ದೆಂದು ಅರ್ಥಮಾಡಿಕೊಂಡವರು ತಮ್ಮ ಇಲಾಖೆಯವರು. ಅತಿಥಿಗಳಿಗೆ ಕಾಣಿಕೆ ಕೊಡಿ ಎಂದು ಕಂಠಪ್ಪನಿಗೆ ಸನ್ನೆಯಾಯಿತು. ಅವನು ಗೂಟವಿದ್ದ ಮೇಲಿನ ಹೋಳನ್ನು ಎತ್ತಿ ಹೆಗಲಿಗೇರಿಸಿದ. ಕೆಳಗಿನದು ನೆಲಕ್ಕೆ ಹೂತಿದ್ದರಿಂದ ಬಚಾವಾಯಿತು. ಅವ್ವ ದಾರಿ ಬಿಟ್ಟಳು. ದೂರದಿಂದ ಬಂದವರು, ರೈಲಿನಲ್ಲಿ ಉಳಿದವರಿಗೂ ತೋರಿಸಿ ವಾಪಸು ಕಳಿಸುತ್ತಾರೆ ಎಂದುಕೊಂಡಳಂತೆ. ರೈಲು ಕೂಗಿತು, ಹೋಯಿತು.

ಒಂದು ಕಲ್ಲಿಗೆ ಇಷ್ಟು ರಂಪವೇ, ಬೇರೆ ತಂದುಕೊಳ್ಳಬಾರದೇ ಎಂದು ತಾವು ಕೇಳಬಹುದು. ಕಲ್ಲುಕುಟಿಗನನ್ನು ನಾನೂ ಕೇಳಿದೆ. ಎಷ್ಟೋ ವರ್ಷ ಒಂದರ ಮೇಲೊಂದು ಉಜ್ಜಿ ಸವೆದ ಜೋಡಿಗೆ ಹೊಸ ಕಲ್ಲು ಕೂರುವುದಿಲ್ಲ, ಹಿಟ್ಟಿನ ಬದಲು ನುಚ್ಚು ಬೀಳುತ್ತದೆ ಎಂದ. ಅದಾದರೂ ಇರಲಿ. ನಮ್ಮ ಮನೆಯ ಹೆಣ್ಣುಮಗಳು ಧಾರೆಗೆ ಮೊದಲು ಮನೆಯ ಹಿರಿಯಳೊಂದಿಗೆ ಆ ಒಂದೇ ಗೂಟ ಹಿಡಿದು ರಾಗಿ ಬೀಸಬೇಕು. ಹಾಗೆ ಬೀಸುವಾಗಲೇ ಹಿರಿಯಳು ಹೇಳಬೇಕಾದ ಬುದ್ಧಿಮಾತು ಹೇಳುತ್ತಾಳೆ, ಅಳುವುದನ್ನು ಅಳುತ್ತಾಳೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಸಾಕಿದವಳು ಅವ್ವ. ಮಗಳಿಗೆ ಹುಣಸೂರು ತಾಲ್ಲೂಕು ಕಟ್ಟೆಮಳಲವಾಡಿಯಲ್ಲಿ ಗಂಡು ಗೊತ್ತಾಗಿದೆ. ಕಲ್ಲು ಬಾರದೆ ಮಾಘದ ಮದುವೆ ಮುಂದೆ ಹೋಯಿತು. ಕಾರ್ತಿಕ ದಾಟಿದರೆ ಬೇರೆ ಹೆಣ್ಣು ನೋಡುತ್ತೇವೆಂದು ಬೀಗರು ಮರ್ಯಾದೆಯಿಂದಲೇ ಹೇಳಿ ಕಳಿಸಿದ್ದಾರೆ.

ಆದ್ದರಿಂದ ನಾನೂ ಅವ್ವನೂ ಕಲ್ಲನ್ನು ಹುಡುಕುತ್ತಾ ತಮ್ಮ ಸ್ಪೆಷಲ್ ಹೋದ ದಾರಿಯಲ್ಲೇ ಮೂರನೆಯ ಕ್ಲಾಸಿನಲ್ಲಿ ಹೊರಟೆವು. ತಮ್ಮ ದಯದಿಂದ ನಮಗೂ ಸಂಸ್ಕೃತಿಯ ಪ್ರವಾಸವಾಯಿತು. ಹಾಸನದಲ್ಲಿ ಇಳಿದರೆ, ಅತಿಥಿಗಳ ಸಾಮಾನು ಮೋಟಾರಿನಲ್ಲಿ ಬೇಲೂರಿಗೆ ಹೋಗಿತ್ತು ಎಂದರು. ಬೇಲೂರಿಗೆ ಹೋದೆವು. ಕಲ್ಲು ಸಿಗಲಿಲ್ಲ, ದೇವಸ್ಥಾನ ಸಿಕ್ಕಿತು. ಕಲ್ಲಿನಲ್ಲಿ ಅಷ್ಟು ನಯವಾದ ಬಳೆ, ಬೆರಳು, ಜಡೆಗಳನ್ನು ನೋಡಿ ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ಅವ್ವ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ ಬಂದು ಹೇಳಿದಳು:

"ಒಬ್ಳು ಕನ್ನಡಿ ನೋಡ್ತಾವ್ಳೆ, ಒಬ್ಳು ಕುಣೀತಾವ್ಳೆ. ರಾಗಿ ಬೀಸೋಳು ಒಬ್ಳೂ ಇಲ್ವಲ್ಲ ಕಣ್ಲಾ. ಇದ್ದಿದ್ರೆ ಅವಳ ಕಲ್ಲಾದ್ರೂ ಇವ್ರು ಮುಟ್ತಿರ್ಲಿಲ್ಲ."

ಸಾಮಾನು ಬೆಂಗಳೂರಿಗೆ ಮರಳಿತೆಂದು ಬೇಲೂರಿನಲ್ಲಿ ತಿಳಿದು ಹೊರಟು, ಅರಸೀಕೆರೆಯ ಸ್ಟೇಷನ್ನಿನಲ್ಲಿ ಇಡ್ಲಿ ತಿಂದೆವು. ಬೆಂಗಳೂರಿನ ಹೋಟೆಲಿನಲ್ಲಿ ದೋಸೆ ತಿಂದೆವು, ಅವ್ವ ಜನ್ಮದಲ್ಲಿ ಮೊದಲ ಸಲ ಕಾಫಿ ಕುಡಿದು ಕಷಾಯವೆಂದು ಮುಖ ಕಿವುಚಿದಳು. ಇಷ್ಟು ಊರು ಸುತ್ತಿದರೂ ಒಂದು ಮುದ್ದೆ ಸಿಗಲಿಲ್ಲ. ನಮ್ಮ ಸೀಮೆಯ ಊಟವೆಂದು ತಾವು ಲೋಕಕ್ಕೆಲ್ಲ ತೋರಿಸುವ ಪದಾರ್ಥವನ್ನು ತಮ್ಮ ಪ್ರವಾಸದ ದಾರಿಯಲ್ಲಿ ಯಾರೂ ಬೇಯಿಸುವುದಿಲ್ಲವಲ್ಲ, ಇದೇನು ವಿಚಿತ್ರ?

ಕೊನೆಗೆ ಕಲ್ಲು ಸಿಕ್ಕಿದ್ದು ಬೆಂಗಳೂರಿನ ತಮ್ಮ ಕಚೇರಿಯ ಹಜಾರದಲ್ಲೇ. ಭಾರ ಹೆಚ್ಚೆಂದು ದೊರೆಸಾನಿಯವರು ಬಿಟ್ಟುಹೋಗಿದ್ದರಂತೆ. ಹಿಂದಿರುಗಿಸುವ ಯೋಚನೆ ಯಾರಿಗೂ ಹೊಳೆಯದೆ, ಕಲ್ಲಿಗೆ ಎಣ್ಣೆ ಸವರಿ, ಪೀಠದ ಮೇಲೆ ಕೂರಿಸಿ, 'ಪ್ರಾಚೀನ ಗ್ರಾಮೀಣ ಉಪಕರಣ' ಎಂದು ಹಲಗೆ ಹಾಕಿದ್ದೀರಿ. ಮಾನ್ಯರೇ, ಅವ್ವ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ. ಆಕೆಯ ಕಲ್ಲು ಆಗಲೇ ಪ್ರಾಚೀನವಾಯಿತೇ? ಅವ್ವ ಓಡಿಹೋಗಿ ಗೂಟದ ಮೇಲೆ ಕೈಯಿಟ್ಟಳು. ಅಲ್ಲಿನ ಜವಾನ ಗದರಿ ಕೈ ಎತ್ತಿಸಿದ. ಅದು ಸರ್ಕಾರದ ವಸ್ತು, ಮುಟ್ಟಬಾರದು ಎಂದ.

"ಅದು ನಂದು ಕಣಪ್ಪ," ಎಂದಳು ಅವ್ವ. "ಆ ಗೂಟ ನನ್ನ ಅಂಗೈನಾಗೇ ಸವೆದಿರೋದು. ಬೇಕಾದ್ರೆ ಕೈ ನೋಡು."

ಅವನು ನೋಡಲಿಲ್ಲ. ಅವ್ವ ಕೈ ಚಾಚಿಕೊಂಡೇ ನಿಂತಿದ್ದಳು. ನನಗೆ ಅಲ್ಲೇ ಅಳು ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ತಮ್ಮ ಗುಮಾಸ್ತರು ಅಮಲ್ದಾರರ ಮುಖಾಂತರ ಬನ್ನಿ ಎಂದರು. ಅಮಲ್ದಾರರು, ಕಲ್ಲನ್ನು ತೆಗೆದುಕೊಂಡ ದಾಖಲೆಯೇ ಇಲ್ಲದಿರುವಾಗ ಹಿಂದಕ್ಕೆ ಕೊಡುವ ಪ್ರಶ್ನೆ ಎಲ್ಲಿಂದ ಬಂತು ಎಂದರು. ಇಂಥ ತರ್ಕ ನಮ್ಮ ಬೇಲೂರಿನ ಶಿಲ್ಪಿಗಳ ಕೆತ್ತನೆಗಿಂತ ಸೂಕ್ಷ್ಮವಾದದ್ದು ಎಂದು ಒಪ್ಪಿಕೊಳ್ಳುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ನೆಂಟರು ತಮ್ಮ ಊರುಗಳಿಗೂ ರೈಲು ಬರಲಿ ಎಂದು ಹಂಬಲಿಸುವಾಗ, ಅವಸರಪಡಬೇಡಿ, ಸದ್ಯಕ್ಕೆ ನಿಮ್ಮ ಮನೆಗಳಲ್ಲಿ ಎರಡು ಹೋಳುಗಳೂ ಇವೆ ಎಂದು ಸಮಾಧಾನ ಹೇಳುತ್ತಿದ್ದೇನೆ.

ಇದನ್ನೆಲ್ಲ ನುಂಗಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಮೊನ್ನೆ ಕಂಠಪ್ಪ ಮತ್ತೆ ಬಂದಿದ್ದ. ಈ ದಸರೆಗೂ ಸ್ಪೆಷಲ್ ರೈಲು ಬರುತ್ತದಂತೆ. ಹೋದ ಸಲ ರಾಗಿ ಬೀಸಿದ್ದು ಅತಿಥಿಗಳಿಗೆ ಬಹಳ ಹಿಡಿಸಿತಂತೆ. ಕುಳ್ಳಮ್ಮನೇ ಕೂರಬೇಕೆಂದು ತಮ್ಮ ಅಪ್ಪಣೆಯಂತೆ. ನಾನು ಅವನನ್ನು ಬೈದು ಅಟ್ಟಲು ಎದ್ದೆ. ಅವ್ವ ತಡೆದಳು. ಕೂರುತ್ತೇನೆಂದು ಒಪ್ಪಿಕೊಂಡಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ತಮ್ಮ ರೈಲು ಈ ಸಲ ಬರುವಾಗ ನಮ್ಮ ಕಲ್ಲನ್ನು ಹೊತ್ತು ತರಲಿ. ತಂದರೆ ಕಾರ್ತಿಕದ ಮದುವೆಗೆ ತಮಗೂ ಕರೆಯೋಲೆ ಬರುತ್ತದೆ, ಬಿಸಿ ಮುದ್ದೆಯ ಊಟವಿರುತ್ತದೆ. ತರದಿದ್ದರೂ ಅವ್ವ ಮಾತು ತಪ್ಪುವವಳಲ್ಲ. ಜರಿಯಂಚಿನ ಸೀರೆಯುಟ್ಟು, ಎದುರಿಗೆ ಮೊಮ್ಮಗಳನ್ನು ಕೂರಿಸಿಕೊಂಡು, ಬರೀ ಕೆಳಗಿನ ಕಲ್ಲಿನ ಮೇಲೆ ರಾಗಿ ಸುರಿದು, ಇಬ್ಬರೂ ಗಾಳಿಯಲ್ಲಿ ಕೈ ತಿರುಗಿಸುತ್ತಾರೆ. ಇದೇನೆಂದು ಅತಿಥಿಗಳು ಕೇಳಿದಾಗ ಉತ್ತರ ಹೇಳಲು ತಾವು ಖುದ್ದಾಗಿ ಬರಬೇಕು.

ಇಂತಿ,
ಅರ್ಧ ರಾಗಿಕಲ್ಲಿನ ಯಜಮಾನ,
ಕುಳ್ಳಮ್ಮನ ಮಗ ಜವರಯ್ಯ
ಕೃಷ್ಣರಾಜನಗರ ಸ್ಟೇಷನ್ನಿನ ದುರದೃಷ್ಟದ ನೆರೆಯವನು