ಸುಮ್ಮನೆ ಕೂತ ಅರಳೆಯುಂಡೆ

ಡಾಕ್ಟರ್ ಕಾಕಾ,

ಬಿಬವೇವಾಡಿಯ ಸಮಸ್ತ ಮಹಾಜನರಿಗೂ ಪರಲೋಕವಾಸಿಗಳಾದ ತಮಗೂ ಈ ಮೂಲಕ ಸಾದರ ತಿಳಿಯಪಡಿಸುವುದೇನೆಂದರೆ, ನಿಮ್ಮ ಆಟದ ಕವಡೆಗಳಲ್ಲಿ ಕಳೆದುಹೋಗಿದ್ದ ಆ ಒಂದು ನಿನ್ನೆ ಪತ್ತೆಯಾಗಿದೆ. ಹಿಟ್ಟಿನ ಡಬ್ಬಿಯ ಹಿಂದಿತ್ತು. ನಿಮ್ಮಾಕೆ, ನನ್ನ ಕಾಕು, ಅದನ್ನು ಮುಷ್ಟಿಯಲ್ಲಿ ಹಿಡಿದು ಅತ್ತರು. ನಗೆಬರಹ ಬರೆದು ಬದುಕುವ ನಿಮ್ಮ ಅಣ್ಣನ ಮಗ ನಾನು, ನಗಿಸಲು ನೋಡಿದೆ. ಆಗಲಿಲ್ಲ.

ತೊಂಬತ್ತರ ದಶಕದ ಆ ಮಧ್ಯಾಹ್ನಗಳು ನೆನಪಿವೆಯೇ? ಕ್ಯಾಶುವಾಲ್ಟಿಯಲ್ಲಿ ಗದ್ದಲ ಇಳಿದಾಗ ನೀವು ಡ್ಯೂಟಿ ರೂಮಿನ ನೆಲಕ್ಕೆ ಚೌಕಾಬಾರದ ಮನೆ ಬರೆದು, ಹೊಸ ಡಾಕ್ಟರುಗಳನ್ನು ಸುತ್ತ ಕೂರಿಸುತ್ತಿದ್ದಿರಿ. ಬಳೆಚೂರುಗಳೆಲ್ಲ ಕಿರುಚುವ ರೋಗಿಗಳು. ಒಂದೇ ಒಂದು ಅರಳೆಯುಂಡೆ, ಸದ್ದಿಲ್ಲದ ರೋಗಿ. ಕವಡೆ ಬಿದ್ದಷ್ಟು ಮನೆ ಯಾವ ಕಾಯನ್ನಾದರೂ ನಡೆಸಬಹುದು, ಆದರೆ ಅರಳೆಗಿಂತ ಮೊದಲು ಬಳೆಚೂರು ನಡುಮನೆ ಸೇರಿ ಹಣ್ಣಾದರೆ ಆಟ ಮುಗಿಯಿತು, ಸದ್ದಿಲ್ಲದ ರೋಗಿ ಹೋದ. ಆ ಹೊಸಬರೋ, ಬಳೆಚೂರನ್ನೇ ನಡೆಸುವವರು. ನೀವು ಅವರಿಗೆ ಮರಾಠಿಯಲ್ಲಿ ಬೈದು, ಊಟದ ಡಬ್ಬಿ ತಂದ ನನಗೆ ಕನ್ನಡದಲ್ಲಿ ಹೇಳುತ್ತಿದ್ದಿರಿ: "ಚೀರಾವ ಇನ್ನೂ ಉಸರಾಡ್ಲಿಕ್ಕತ್ತಾನ ಅಂತಾತು. ಸುಮ್ಮ ಕೂತಾನಲ್ಲ, ಅವನ್ನ ಮೊದಲ ನೋಡಬೇಕು."

ಒಂದು ದಿನ ಸೂಪರಿಂಟೆಂಡೆಂಟ್ ಸಾಹೇಬರು ಬಾಗಿಲಲ್ಲಿ ಪ್ರತ್ಯಕ್ಷರಾದರು. "ಡಾಕ್ಟರ್, ಹೇ ಹಾಸ್ಪಿಟಲ್ ಆಹೇ, ಜುಗಾರಾಚಾ ಅಡ್ಡಾ ನಾಹಿ." ಆಸ್ಪತ್ರೆಯೇನು ಜೂಜಿನ ಅಡ್ಡೆಯೇ ಎಂದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿತು ಆಡಳಿತ. ಜೂಜುಕೋರನೆಂಬ ಬಿರುದು ಹೊತ್ತು, ಕವಡೆಗಳನ್ನು ಜೇಬಿಗಿಳಿಸಿ ಮನೆಗೆ ಬಂದಿರಿ. ಒಂದು ಮಾತು ತಿರುಗಿ ಆಡಬಾರದಿತ್ತೇ?

ನಿವೃತ್ತರಾದ ಮೇಲೆ ಒಂದು ಸಂಜೆ ನಿಮಗೆ ಎದೆ ಹಿಡಿಯಿತು. ರಿಕ್ಷಾದಲ್ಲಿ ಅದೇ ಆಸ್ಪತ್ರೆಗೆ ಕರೆದೊಯ್ದೆ. ಸ್ಕೂಟರಿನಿಂದ ಬಿದ್ದವನೊಬ್ಬ, ಅವನ ಜೊತೆ ಅರ್ಧ ವಠಾರ, ಎಲ್ಲರೂ ಕಿರುಚುತ್ತಿದ್ದರು. ಇದ್ದ ಒಬ್ಬ ಡಾಕ್ಟರ್ ಹುಡುಗ ಅತ್ತ ಓಡಿದ. ನೀವು ಬೆಂಚಿನ ಮೇಲೆ ಬೆವರುತ್ತಿದ್ದಿರಿ. ಕೂಗಲು ಎದ್ದ ನನ್ನನ್ನು ಕೈ ಹಿಡಿದು ಕೂರಿಸಿದಿರಿ. "ಇರಲಿ ಬಿಡೋ. ಪಾಪ, ಡಾಕ್ಟರ್ ಒಬ್ಬನ ಅದಾನ. ಬಿದ್ದಾವನ ಕಾಲು ಭಾಳ ನೋಯ್ಲಿಕ್ಕತ್ತಿರಬೇಕು."

ಜೀವಮಾನವಿಡೀ ಕಲಿಸಿದ ಪಾಠವನ್ನು ಆ ಗಳಿಗೆಯಲ್ಲಿ ಮುರಿಯಲು ನಿಮಗೆ ಯಾರು ಹೇಳಿದ್ದರು, ಕಾಕಾ? ಆ ಹುಡುಗ ಇತ್ತ ತಿರುಗುವ ಹೊತ್ತಿಗೆ...

ಈಗ ನೀವು ಕೇಳದ ಸುದ್ದಿ. ಅದೇ ಆಸ್ಪತ್ರೆಗೆ ಪರದೇಶದಿಂದ ಕಂಪ್ಯೂಟರ್ ಆಟ ಬಂದಿದೆ. ಡಾಕ್ಟರುಗಳು ಆಡಿ ಕಲಿಯಬೇಕಂತೆ. ತೆಂಗಿನಕಾಯಿ ಒಡೆದರು, ಪರದೆಗೆ ಕುಂಕುಮ ಹಚ್ಚಿದರು. ಅದೇ ಸಾಹೇಬರು "ಆಡುತ್ತ ಕಲಿಯುವುದು ಹೊಸ ಯುಗದ ವಿಚಾರ" ಎಂದು ಭಾಷಣ ಬಿಗಿದರು. ಪತ್ರಿಕೆಯವನೆಂದು ನನ್ನನ್ನೂ ಕರೆದಿದ್ದರು, ನಾನೂ ಚಪ್ಪಾಳೆ ತಟ್ಟಿದೆ.

ಸೊಲ್ಲಾಪುರದ ಡಾಕ್ಟರ್ ಹುಡುಗಿಯೊಬ್ಬಳು ಆಡಿದಳು. ಪರದೆಯ ಮೇಲೆ ಚೀರುವವನೊಬ್ಬ, ಕುರ್ಚಿಯಲ್ಲಿ ಸುಮ್ಮನಿರುವ ಮುದುಕನೊಬ್ಬ. ಅವಳು ಚೀರುವವನ ಬಳಿಗೆ ಹೋದಳು, ಮುದುಕ ಸತ್ತ. ಅವಳು ಪರದೆಯಿಂದ ಹಿಂದೆ ಸರಿದಳು. ಕಂಪ್ಯೂಟರಿನವನು ನಕ್ಕು ಒಂದು ಗುಂಡಿ ಒತ್ತಿದ. ಮುದುಕ ಎದ್ದು ಕೂತ, ಕಾಕಾ. ಅದೇ ಕುರ್ಚಿಯಲ್ಲಿ, ಸುಮ್ಮನೆ.

ನಾನು ಹೊರಗೆ ಬಂದುಬಿಟ್ಟೆ. ಹಿಂದೆಯೇ ಬಂದ ಅವಳಿಗೆ ನಿಮ್ಮ ಆಟದ ಕಥೆ ಹೇಳಿದೆ.

"ಅದರಾಗೂ ಸತ್ತಾವ್ರನ್ನ ಎಬ್ಬಸ್ಲಿಕ್ಕೆ ಬರ್ತಿತ್ತೇನ್ರಿ?"

"ಇಲ್ರಿ."

"ಹಂಗಿದ್ರ ಅದನ್ನ ಕಲಸ್ರಿ ನನಗ."

ರವಿವಾರ ಬರುತ್ತಾಳೆ. ಮನೆ ಬರೆಯಲು ನನಗೆ ಬರುತ್ತದೆ. ಒಂದೇ ಮರೆತಿದೆ: ಕವಡೆಗಳೆಲ್ಲ ಬೋರಲು ಬಿದ್ದರೆ ಅರಳೆ ನಡೆಯಬೇಕೋ, ನಿಲ್ಲಬೇಕೋ? ಅಷ್ಟರೊಳಗೆ ಕಾಕುವಿನ ಕನಸಿಗೆ ಬಂದು ಹೇಳಿ ಹೋಗಿ. ನನ್ನ ಕನಸಿಗೆ ಬೇಡ, ಜಗಳವಾಗುತ್ತದೆ. ಕಾಕುವಿಗೆ ಈಗ ಕಿವಿ ಮಂದ. ದಯವಿಟ್ಟು ಸ್ವಲ್ಪ ಜೋರಾಗಿ ಹೇಳಿ.