ಲಾಕರಿನಲ್ಲಿದ್ದ ಹನ್ನೊಂದು ಕಾಗದ

ಮಾರ್ಚ್ ೧೪, ಗುರುವಾರ

ಆ ಕೆಂಪು ಶಾಯಿ ಕಣ್ಣಿಂದ ಹೋಗುತ್ತಿಲ್ಲ.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಇವತ್ತು ಅವರ ಬ್ಯಾಂಕ್ ಲಾಕರು ತೆರೆಸಿದೆವು. ಒಡವೆ ಇರಬಹುದೆಂದು ನನ್ನ ತಮ್ಮ ಒಂದು ಚೀಲವನ್ನೂ ತಂದಿದ್ದ. ಒಳಗಿದ್ದದ್ದು ಹನ್ನೊಂದು ಕಾಗದ, ಒಂಬತ್ತನೇ ವಯಸ್ಸಿನಲ್ಲಿ ನಾನು ಹಾಸ್ಟೆಲಿನಿಂದ ಬರೆದವು. 'ಅಪ್ಪಾ, ಇಲ್ಲಿ ಹೊಡೀತಾರೆ, ಬಂದು ಕರ್ಕೊಂಡು ಹೋಗು' ಎಂದು ಮೊದಲ ಹತ್ತರಲ್ಲೂ ಬೇಡಿಕೊಂಡಿದ್ದೆ. ಮೇಷ್ಟ್ರಾಗಿದ್ದ ಅಪ್ಪ ಒಂದೊಂದು ತಪ್ಪಿಗೂ ಕೆಂಪು ಸುತ್ತು ಹಾಕಿ, ಕೆಳಗೆ ಅಂಕ ಕೊಟ್ಟಿದ್ದರು. ಮೊದಲನೆಯದಕ್ಕೆ ಹತ್ತಕ್ಕೆ ನಾಲ್ಕು. ಕೊನೆಯದರಲ್ಲಿ ಮಾತ್ರ ಚೆನ್ನಾಗಿದ್ದೇನೆ ಎಂದು ಬರೆದಿದ್ದೆ. ಅದಕ್ಕೆ ಹತ್ತಕ್ಕೆ ಹತ್ತು. ಆಗ ಒಂದಕ್ಕೂ ಉತ್ತರ ಬಂದಿರಲಿಲ್ಲ.

"ಅಂತೂ ಪಾಸಾದೆ ಬಿಡಕ್ಕಾ," ಎಂದು ತಮ್ಮ ನಕ್ಕ.

ಅಮ್ಮನಿಗೆ ಓದು ಬಾರದು. ಮಗಳು ಸುಖವಾಗಿದ್ದಾಳಂತೆ ಎಂದಷ್ಟೇ ಅಪ್ಪ ಆಗ ಹೇಳುತ್ತಿದ್ದರಂತೆ. ಮನೆಗೆ ಬಂದ ಮೇಲೆ ಅಮ್ಮ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು.

"ಎಷ್ಟು ಜೋಪಾನ ಮಾಡಿದಾರೆ ನೋಡು. ಪ್ರೀತಿ ಇಲ್ದೆ ಯಾರಾದ್ರೂ ಲಾಕರಲ್ಲಿ ಇಡ್ತಾರಾ? ಓದಿ ಹೇಳೇ."

ಏನಾದರೊಂದು ಸುಳ್ಳು ಹೇಳಬಹುದಿತ್ತು. ಆದರೆ ಆ ಮಾತಿಗೆ ಮೈಯೆಲ್ಲ ಉರಿಯಿತು. ಇದ್ದದ್ದನ್ನು ಇದ್ದ ಹಾಗೇ ಓದಿದೆ. ಮೂರನೆಯದಕ್ಕೇ ಅಮ್ಮ ನನ್ನ ಕೈ ಹಿಡಿದುಕೊಂಡು, "ಸಾಕು ಕಣೇ, ನಿಲ್ಸು," ಎಂದಳು. ನಾನು ನಿಲ್ಲಿಸಲಿಲ್ಲ. ಹನ್ನೊಂದನ್ನೂ ಓದಿದೆ, ಅಂಕಗಳ ಸಮೇತ. ಅವಳು ಅತ್ತಷ್ಟೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಅದನ್ನು ಇಲ್ಲಾದರೂ ಒಪ್ಪಿಕೊಳ್ಳಬೇಕು.

ಊಟ ಮಾಡದೆ ಮಲಗಿದ್ದಾಳೆ. ಗೋಡೆಯಾಚೆ ಮಗ್ಗುಲು ಬದಲಿಸುವುದು ಕೇಳಿಸುತ್ತಿದೆ. ಎದ್ದು ಹೋಗಿ ಒಂದು ಮಾತಾಡಬೇಕು, ಆದರೆ ಹೋಗಿ ಏನೆಂದು ಹೇಳಲಿ?