ಹನ್ನೊಂದು ಖಾಲಿ ಮೊಳೆಗಳು

ಮೆಲಾಟಿ ಕಾಂಪ್ಲೆಕ್ಸ್, ಎರಡನೇ ಮಹಡಿ,
ಕೆಟ್ಟುನಿಂತ ಎಸ್ಕಲೇಟರಿನ ಎಡಕ್ಕೆ, ಕೌಲಾಲಂಪುರ.
ರಂಜಾನ್ ಹದಿನಾರು, ಮಧ್ಯಾಹ್ನ.

ಸೂಜಿ ಕತ್ತರಿಗಳ ಸಾರ್ವಭೌಮೆ, ಅಂಗಿಯ ಕೊರಳಿಗೆ ಹಾವುಮೀನಿನ ಮೂಳೆಯಂತೆ ಹೆಣೆಯುವ ಈಲುಮೂಳೆ ಹೊಲಿಗೆಯ ಕೊನೆಯ ಒಡತಿ, ಮೂರು ತಲೆಮಾರಿನ ಮದುಮಕ್ಕಳ ಕೊರಳಳತೆಯನ್ನು ಬಾಯಿಪಾಠ ಮಾಡಿರುವ ಮಹಾಮಾತೆ ಹಜ್ಜಾ ರೊಗಾಯಾ ಅವರ ದಿವ್ಯ ಸನ್ನಿಧಾನಕ್ಕೆ, ತಮ್ಮ ಮೊಮ್ಮಗಳೂ ಅಂಗಡಿಯ ಹಂಗಾಮಿ ದಿವಾನಳೂ ಆದ ಮಸ್ತುರಾ ನೆಲಕ್ಕೆ ಬಗ್ಗಿ ಮಾಡುವ ಸಲಾಂ.

ಆಪರೇಷನ್ ಆದ ತಮ್ಮ ಹೊಸ ಮಂಡಿ ಕ್ಷೇಮವೇ? ಕೋಟ ಭಾರುವಿನಲ್ಲಿ ದೊಡ್ಡಮ್ಮ ತಮ್ಮನ್ನು ಮೆಟ್ಟಿಲ ಹತ್ತಿರವೂ ಬಿಡುತ್ತಿಲ್ಲವಂತೆ. ಉಪವಾಸ ಬಿಡುವಾಗ ಸಿಹಿ ಜಾಸ್ತಿ ತಿನ್ನುತ್ತಿಲ್ಲ ತಾನೇ? ಸುಳ್ಳು ಬರೆಯಬೇಡಿ, ದೊಡ್ಡಮ್ಮ ನನಗೆ ಎಲ್ಲ ಹೇಳುತ್ತಾಳೆ. ‘ತಾವು’ ಬರೆದು ಕೈ ನೋಯುತ್ತಿದೆ ಅಜ್ಜಿ, ಇನ್ನು ‘ನೀನು’.

ನೀನು ಸಹಿ ಹಾಕಿ ಕಳಿಸಿದ ಕಾಗದ ತಲುಪಿತು. ಹಬ್ಬ ಮುಗಿದ ಮೇಲೆ ಅಂಗಡಿ ಬಿಟ್ಟುಕೊಡುತ್ತೇನೆ ಅನ್ನುವ ಕಾಗದ. ಜೊತೆಗೆ ದೊಡ್ಡಪ್ಪನ ಚೀಟಿ: ‘ಆ ಮುದಿ ಕಟ್ಟಡದಲ್ಲಿ ಇನ್ನೇನಿದೆ? ಕೂಡಲೇ ಆಫೀಸಿಗೆ ಕೊಡು.’ ಏನಿದೆ ಅಂತ ಹೇಳುತ್ತೇನೆ, ಅವರಿಗೂ ಓದಿ ಹೇಳು. ಗೋಡೆಯ ಸುಣ್ಣ ಉದುರುತ್ತದೆ, ಲಿಫ್ಟ್ ತನಗೆ ಮನಸ್ಸು ಬಂದ ಮಹಡಿಯಲ್ಲಿ ನಿಲ್ಲುತ್ತದೆ, ನಿಜ. ಆದರೆ ನೀನು ನಲವತ್ತು ವರ್ಷ ಒರಗಿ ಒರಗಿ ನುಣುಪು ಮಾಡಿದ ಕಂಬ ಇದೆ. ನಮ್ಮನ್ನೂ ಸೇರಿಸಿ ಈ ಮಹಡಿಯ ಹನ್ನೊಂದು ಮಂದಿ ದರ್ಜಿಗಳಿದ್ದಾರೆ. ಮತ್ತು ಈ ಸಲ ಯಾರೂ ಹಲಗೆ ಹಾಕಿಲ್ಲ!

ಹೌದಜ್ಜಿ. ಪ್ರತಿ ವರ್ಷ ರಂಜಾನಿನ ಹತ್ತನೇ ದಿನ ನೀವೆಲ್ಲ ಮೆಟ್ಟಿಲ ಬಳಿಯ ಕಪಾಟಿನಿಂದ ‘ಹಬ್ಬದ ಆರ್ಡರ್ ಮುಗಿದಿದೆ’ ಅನ್ನುವ ಕೆಂಪು ಹಲಗೆ ತಂದು ಬಾಗಿಲ ಮೊಳೆಗೆ ತೂಗುಹಾಕುತ್ತಿದ್ದಿರಲ್ಲ? ಅದನ್ನು ಕಂಡ ಗಿರಾಕಿ ತಿರುಗಿ ಹೊಸ ಶಾಪಿಂಗ್ ಮಾಲ್‌ಗೆ ಹೋಗುತ್ತಿದ್ದ. ಅದಕ್ಕೇ ಕಟ್ಟಡದ ಆಡಳಿತ ಆಫೀಸಿನ ಸಾಹೇಬ ಎನ್ಚಿಕ್ ಫದ್ಲಾನ್, “ನಿಮ್ಮ ಮಹಡಿ ಅರ್ಧ ರಂಜಾನಿಗೇ ಮಲಗಿಬಿಡುತ್ತೆ. ಹನ್ನೊಂದು ಜನವೂ ಸಹಿ ಹಾಕಿ ಕೊಡಿ, ಕೆಡವಿ ಹೊಸದು ಕಟ್ತೀವಿ” ಅಂತ ತಿರುಗಿದ್ದು. ಈ ವರ್ಷ ಹತ್ತನೇ ದಿನ ಬೆಳಿಗ್ಗೆ ಕಪಾಟು ಖಾಲಿ. ಪಕ್ಕದಂಗಡಿಯ ಮಾಕ್ ಸೋಮ್ ಸೊಂಟಕ್ಕೆ ಕೈಯಿಟ್ಟು ಎದುರಂಗಡಿಗೆ ಕೂಗಿದಳು, “ಏಯ್ ಜಮ್ಹುರಿ, ಹಲಗೆಗಳನ್ನ ಎಸೆದವನು ನೀನೇ ತಾನೇ? ಆಫೀಸಿನೋರಿಗೆ ತೊಡೆ ತಟ್ಟೋಕೆ?” ಪಾಕ್ ಜಮ್ಹುರಿ ಒಂದು ಕ್ಷಣ ಪೆಚ್ಚಾಗಿ, ಮರುಕ್ಷಣ ಎದೆಯುಬ್ಬಿಸಿದರು. “ಹೌದು ಅಂದ್ಕೋ! ನಿನಗೆ ವಯಸ್ಸಾಗಿದ್ರೆ ಬಾಗಿಲು ಹಾಕ್ಕೊಂಡು ಮಲಗು.” “ನನಗಾ ವಯಸ್ಸು? ನೂಲು ಪೋಣಿಸೋಕೆ ಮೊಮ್ಮಗನ್ನ ಕರೆಯೋನು ನೀನು!” ಅಷ್ಟೇ. ಮಧ್ಯಾಹ್ನದೊಳಗೆ ಯಾರೂ ಸೋಲಲು ತಯಾರಿಲ್ಲ. ಹನ್ನೊಂದು ಮೊಳೆ, ಹನ್ನೊಂದೂ ಖಾಲಿ.

ಸುದ್ದಿ ಹಬ್ಬಿ ಊರೆಲ್ಲ ಇಲ್ಲಿಗೇ ಬಂತು. ಮನೆಮಂದಿಗೆಲ್ಲ ಒಂದೇ ಬಣ್ಣದ ಹಬ್ಬದ ಬಟ್ಟೆ ಬೇಕೆನ್ನುವವರು ಸತ್ತ ಎಸ್ಕಲೇಟರಿನ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತಿದ್ದಾರೆ, ಬಟ್ಟೆ ಥಾನುಗಳ ಮೇಲೆ ಕೂಸುಗಳು ಮಲಗಿವೆ. ಸಂಜೆ ಕಾರಿಡಾರಿನಲ್ಲೇ ಪೇಪರ್ ಹಾಸಿ, ಗಿರಾಕಿಯೂ ದರ್ಜಿಯೂ ಒಟ್ಟಿಗೆ ಖರ್ಜೂರ, ಮಸಾಲೆ ಗಂಜಿ. ಹತ್ತು ಜನ, ಸಹಿ ಹಾಕಿ ಇನ್ನೂ ಆಫೀಸಿಗೆ ಕೊಡದೆ ಇಟ್ಟುಕೊಂಡಿದ್ದ ತಮ್ಮ ಕಾಗದ ಹರಿದುಹಾಕಿದ್ದಾರೆ. ಕೆಡವಲು ಬರುವವರು ಬರಲಿ, ಮೊದಲು ಸಾಲಿನಲ್ಲಿ ನಿಲ್ಲಲಿ!

ಉಳಿದದ್ದು ನಿನ್ನದು. ನಿನ್ನೆ ಫದ್ಲಾನ್ ಬಂದು, “ಹುಡುಗಿ, ಅಜ್ಜಿ ಕಾಗದ ಎಲ್ಲಿ?” ಅಂದ. “ಇದೆ ಎನ್ಚಿಕ್, ಕೂತ್ಕೊಳ್ಳಿ. ಹಬ್ಬಕ್ಕೆ ಏನು ಹಾಕ್ಕೋತೀರಾ?” ಅಂದೆ. ಅವನ ಅಪ್ಪನ ಮದುವೆ ಅಂಗಿಗೆ ಕೊರಳ ಹೊಲಿಗೆ ಹಾಕಿದವಳು ನೀನಂತೆ. ಹೇಳುತ್ತಾ ಹೇಳುತ್ತಾ ತಾನೇ ಕತ್ತು ಎತ್ತಿಕೊಟ್ಟ. ನಾನು ಟೇಪು ಹಿಡಿದು ಅಳತೆಯನ್ನು ಕೈಗೆ ಸಿಕ್ಕ ಕಾಗದದ ಹಿಂದೆ ಬರೆದುಕೊಂಡೆ. ಅದು ನಿನ್ನ ಸಹಿಯ ಕಾಗದ. “ಅಯ್ಯೋ, ಏನು ಮಾಡಿದೆ!” ಅಂದ. “ಬಟ್ಟೆ ಕೊಡೋ ಮುಂಚೆ ಅಳತೆ ಚೀಟಿ ಅಂಗಡಿ ದಾಟಬಾರದು. ನಿಯಮ ನಮ್ಮಜ್ಜಿದು, ನನ್ನ ಕೈಲೇನಿದೆ?” ಅಂದೆ. ಅಂಗಿ ಮುಗಿದ ದಿನ ಅದನ್ನು ಕೊಡುವುದೋ ಹರಿಯುವುದೋ, ನೀನೇ ಇಲ್ಲಿ ನಿಂತು ಹೇಳು.

ದೊಡ್ಡಮ್ಮನ ಕೈಗೆ ನನ್ನ ಮುತ್ತು, ದೊಡ್ಡಪ್ಪನಿಗೆ ದೂರದಿಂದ ಸಲಾಂ. ಹಬ್ಬದ ದಿನ ಕೇಳಬೇಕಾದ ಕ್ಷಮೆಯನ್ನು ಈಗಲೇ ಕೇಳುತ್ತಿದ್ದೇನೆ, ಕಾರಣ ಕೆಳಗಿದೆ.

ನಿನ್ನ ತಲೆಹರಟೆ,
ಮಸ್ತುರಾ

ತಾ.ಕ.: ಬೇಗ ಬರೆಯುತ್ತೇನೆ, ಪಾಕ್ ಜಮ್ಹುರಿ ದಾರ ಕೇಳಲು ಬರುತ್ತಿದ್ದಾರೆ. ಹಲಗೆಗಳು ನಿನ್ನ ಮೇಜಿನ ಕೆಳಗೆ, ಅಸ್ತರಿನ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇವೆ. ಒಂಬತ್ತನೇ ದಿನ ಎಲ್ಲರೂ ನಮಾಜಿಗೆ ಹೋದಾಗ ನಾನೇ ಎತ್ತಿದೆ. ಹೋರಾಟಕ್ಕಲ್ಲ, ಅವರ ಪರದಾಟ ನೋಡಿ ನಗೋಣ ಅಂತ. ಮಾರನೇ ದಿನ ವಾಪಸ್ ಇಡುವವಳೇ ಇದ್ದೆ, ಅಷ್ಟರಲ್ಲಿ ಎಲ್ಲರೂ ವೀರರಾಗಿಬಿಟ್ಟರು. ಇನ್ನೊಂದು ವಿಷಯ. ಈಲುಮೂಳೆ ಹೊಲಿಗೆ ನನಗೂ ಬರುತ್ತೆ ಅಂತ ಫದ್ಲಾನ್‌ಗೆ ಹೇಳಿದ್ದೇನೆ. ಬರೋದಿಲ್ಲ. ಅಲ್ಲಿಂದ ಇಲ್ಲಿಗೆ ಬಸ್ಸು ಬೆಳಿಗ್ಗೆ ಎಂಟಕ್ಕೆ.